ತರಂಗಂಬಾಡಿಯ ‘ಪಾರಂಪರಿಕ ನಡಿಗೆ’ಗೆ ಮುಂಗಡ ಕಟ್ಟುವ ಮುನ್ನ

ತಮಿಳುನಾಡಿನ ತರಂಗಂಬಾಡಿಗೆ ಹೊರಟವರು ಇದನ್ನು ಓದಿಕೊಂಡು ಹೋಗಿ. ಅಮ್ಮ, ತಮ್ಮ, ಅವನ ಹೆಂಡತಿ ಮತ್ತು ನಾನು ತಲೆಗೆ 1200 ರೂಪಾಯಿಯಂತೆ 4800 ರೂಪಾಯಿ ಮುಂಗಡ ಕಟ್ಟಿ ಬೇಸ್ತು ಬಿದ್ದಿದ್ದೇವೆ. ಹಳೆಯ ಚರ್ಚುಗಳು, ಹಳೆಯ ಮನೆಗಳು, ಎಲ್ಲವನ್ನೂ ಒಳಹೊಕ್ಕು ತೋರಿಸುತ್ತೇನೆಂದು ಮಾರ್ಗದರ್ಶಿ ಫೋನಿನಲ್ಲಿ ಹೇಳಿದ್ದ.

1620ರಲ್ಲಿ ತಂಜಾವೂರಿನ ರಘುನಾಥ ನಾಯಕನ ಒಪ್ಪಿಗೆ ಪಡೆದು ಡೆನ್ಮಾರ್ಕಿನವರು ಕಟ್ಟಿದ ಡ್ಯಾನ್ಸ್‌ಬೋರ್ಗ್ ಕೋಟೆಗೆ ಶುಕ್ರವಾರ ರಜೆ. ನಮಗೆ ಶುಕ್ರವಾರವೇ ಬನ್ನಿ ಎಂದವನು ಈ ಮಹಾಶಯ. ಬೀಗ ಕಂಡಾಗ, “ಹೊರಗಿನಿಂದಲೇ ಚೆಂದ” ಎಂದುಬಿಟ್ಟ.

ಮುಂದೆ ಜಿಯಾನ್ ಚರ್ಚು. ಅದಕ್ಕೂ ಬೀಗ. 1701ರಲ್ಲಿ ಜೀಗೆನ್‌ಬಾಲ್ಗ್ ಎಂಬ ಪಾದ್ರಿ ಇದನ್ನು ಕಟ್ಟಿಸಿದನೆಂದು ಗೇಟಿನಾಚೆ ನಿಂತೇ ವಿವರಿಸಿದ. ಅಮ್ಮ ನಿವೃತ್ತ ಶಿಕ್ಷಕಿ, ಸುಮ್ಮನಿರುವವರಲ್ಲ. “ಆತ ಹಡಗಿನಿಂದ ಇಳಿದದ್ದು 1706ರಲ್ಲಿ ಎಂದು ಈಗಷ್ಟೇ ಕಡಲ ಬದಿಯಲ್ಲಿ ನೀವೇ ಹೇಳಿದಿರಲ್ಲ? ಬರುವುದಕ್ಕೆ ಐದು ವರ್ಷ ಮೊದಲೇ ಕಟ್ಟಿಸಿದನೇ?” ಆತ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತ ಮುಂದೆ ನಡೆದ.

ಇಷ್ಟಾದರೆ ಹಣ ಹೋಯಿತೆಂದು ನಕ್ಕು ಮರೆಯಬಹುದಿತ್ತು. ಮರೆಯಲಾಗದ್ದು ಅಕ್ಕಸಾಲಿಗರ ಬೀದಿಯಲ್ಲಿ ನಡೆಯಿತು. 2004ರ ಸುನಾಮಿಯ ನಂತರ ಪಾರಂಪರಿಕ ಕಟ್ಟಡಗಳನ್ನು ಕಾಪಾಡುವ ಇಂಟ್ಯಾಕ್ ಸಂಸ್ಥೆ ಅಲ್ಲಿನ ಕೆಲವು ಜಗಲಿಮನೆಗಳನ್ನು ದುರಸ್ತಿ ಮಾಡಿಸಿದೆ. ಅಂಥ ಬೀದಿಯ ಒಂದು ಮನೆಯ ಅರೆ ತೆರೆದ ಬಾಗಿಲನ್ನು ಈತ ತಳ್ಳಿ, “ಹೋಗಿ, ಹೇಳಿಟ್ಟಿದ್ದೇನೆ” ಎಂದ. ನಾವು ನಂಬಿ ನಡುವಿನ ತೊಟ್ಟಿಯವರೆಗೂ ಹೋದೆವು. ಬಿಸಿಲಿಗೆ ಹಾಸಿದ್ದ ಹಳೆಯ ಸೀರೆಯ ಮೇಲೆ ಸಂಡಿಗೆ ಇಟ್ಟಿದ್ದರು. ಮೇಲೆ ಕಂಬ ನೋಡುತ್ತಿದ್ದ ತಮ್ಮ ಅದರ ಅಂಚನ್ನು ತುಳಿದ. ಹಸಿ ಹಿಟ್ಟು ಚಪ್ಪಲಿಗೆ ಅಂಟಿಕೊಂಡಿತು. ಅಡುಗೆಮನೆಯಿಂದ ಒದ್ದೆ ಕೈಯಲ್ಲಿ ಬಂದ ಹೆಂಗಸು ನಮ್ಮನ್ನು ನೋಡಿ ಹಾಗೆಯೇ ನಿಂತರು. ಯಾರೂ ಅವರಿಗೆ ಏನನ್ನೂ ಹೇಳಿರಲಿಲ್ಲ. ಅಮ್ಮ ತನಗೆ ಬರುವ ನಾಲ್ಕು ತಮಿಳು ಮಾತಿನಲ್ಲಿ ಕ್ಷಮೆ ಕೇಳಿದರು. ತಿರುಗಿ ನೋಡಿದರೆ ಮಾರ್ಗದರ್ಶಿ ಬೀದಿಯಲ್ಲೇ ನಿಂತಿದ್ದಾನೆ, ಒಳಗೆ ಕಾಲಿಟ್ಟೇ ಇಲ್ಲ!

ಅಲ್ಲಿಗೇ ನಡಿಗೆ ನಿಲ್ಲಿಸಿದೆವು. ಅರ್ಧ ಹಣವನ್ನಾದರೂ ಹಿಂದಿರುಗಿಸು ಎಂದು ಕೇಳಿದ್ದಕ್ಕೆ ನನ್ನ ನಂಬರನ್ನೇ ಬ್ಲಾಕ್ ಮಾಡಿದ.

ಯಾರನ್ನೇ ಗೊತ್ತುಮಾಡಿಕೊಂಡರೂ ಯಾವ ಕಟ್ಟಡದ ಒಳಗೆ ಬಿಡುತ್ತಾರೆ, ಅನುಮತಿ ಕೊಟ್ಟವರು ಯಾರು ಎಂಬುದನ್ನು ಸಂದೇಶದಲ್ಲಿ ಬರೆಸಿಕೊಳ್ಳಿ. ಪೂರ್ತಿ ಹಣವನ್ನು ಮೊದಲೇ ಕೊಡಬೇಡಿ. ನಿಜ ಹೇಳಬೇಕೆಂದರೆ ಆ ಊರಿಗೆ ಮಾರ್ಗದರ್ಶಿಯೇ ಬೇಡ. 1792ರ ಹೆಬ್ಬಾಗಿಲಿನಿಂದ ಕಡಲಿನವರೆಗೆ ಒಂದೇ ನೇರ ಬೀದಿ, ಚರ್ಚುಗಳೂ ಗವರ್ನರನ ಬಂಗಲೆಯೂ ಅದರ ಮೇಲೆಯೇ ಸಿಗುತ್ತವೆ.

ಊಟ ಮುಗಿಸಿ ನಾವೇ ನ್ಯೂ ಜೆರುಸಲೇಂ ಚರ್ಚಿಗೆ ಹೋದೆವು. ಮುಖಭಿತ್ತಿಯಲ್ಲಿ ಡೆನ್ಮಾರ್ಕಿನ ದೊರೆ ನಾಲ್ಕನೆಯ ಫ್ರೆಡರಿಕನ ಕಿರೀಟ ಸಹಿತ ಮುದ್ರೆಯಿದೆ. ಅಮ್ಮ ಕೇಳಿದ ತಕ್ಷಣ ಕಾವಲಿನ ಮುದುಕ ಬೀಗ ತೆಗೆದು, 1719ರಲ್ಲಿ ತೀರಿಕೊಂಡ ಜೀಗೆನ್‌ಬಾಲ್ಗನ ಸಮಾಧಿಯನ್ನು ತೋರಿಸಿದರು. ಎಷ್ಟು ಕೊಡಬೇಕೆಂದು ಕೇಳಿದರೆ ಬಾಗಿಲ ಬಳಿಯ ಕಾಣಿಕೆ ಡಬ್ಬಿಯ ಕಡೆ ಕೈ ಮಾಡಿದರು.