ಅಪ್ಪಾಜಿ ಕೋಣೆಯ ಸೆನ್ಸರ್: ಒಂದೂವರೆ ವರ್ಷ ಬಳಸಿದ ಮೇಲೆ

ಬಾಕ್ಸ್ ಮೇಲೆ ಬರೆದಿರೋದನ್ನ ನೀವೇ ಓದಿರುತ್ತೀರಿ, ಅದು ಬಿಡಿ. ಮನೆಯಲ್ಲಿ ಯಾರಾದರೂ ಬಿದ್ದರೆ ಫೋನ್‌ಗೆ ತಿಳಿಸುವ ಈ ಸೆನ್ಸರ್ ನಮ್ಮ ದಾವಣಗೆರೆ ಮನೆಗೆ ಒಗ್ಗಿತಾ ಅನ್ನೋದನ್ನಷ್ಟೇ ಹೇಳುತ್ತೇನೆ.

ಅಪ್ಪಾಜಿಗೆ ಪಾರ್ಕಿನ್ಸನ್, ಮೈ ನಡುಗಿ ನಡಿಗೆ ತಡವರಿಸುವ ನರದ ಕಾಯಿಲೆ. ಸೆನ್ಸರ್‌ನಲ್ಲಿ ಕ್ಯಾಮೆರಾ ಇಲ್ಲ, ಬರೀ ರೇಡಾರ್, ಅಂದರೆ ರೇಡಿಯೋ ಅಲೆಯಿಂದ ಓಡಾಟ ಗುರುತಿಸುತ್ತದೆ. ಅದಕ್ಕೇ ಅವರು ಒಪ್ಪಿದ್ದು. ಹಾಲ್‌ಗೆ ಒಂದು, ಅವರ ಕೋಣೆಗೆ ಒಂದು ಹಾಕಿಸಿದೆವು.

ಹಾಲ್‌ನದು ತಲೆ ತಿಂದುಹಾಕಿತು. ಸಂಜೆ ಅಪ್ಪಾಜಿ ಕುರ್ಚಿಯಲ್ಲಿ ಕೂತರೆ, ಅಮ್ಮ ನೆಲದ ಮೇಲೆ ಪೇಪರ್ ಹಾಸಿಕೊಂಡು ಈರುಳ್ಳಿ ಹೆಚ್ಚಿ ಮಂಡಕ್ಕಿ ಕಲಸುತ್ತಾರೆ. ಪಕ್ಕದಲ್ಲಿ ಬಿಸಿಬಿಸಿ ಮೆಣಸಿನಕಾಯಿ. ಅಷ್ಟರಲ್ಲಿ ಆಫೀಸಿನಲ್ಲಿ ನನ್ನ ಫೋನ್ ಕಿರುಚುತ್ತದೆ, ಯಾರೋ ಬಿದ್ದಿದ್ದಾರೆ ಅಂತ. ಎದೆ ಹಿಡಿದುಕೊಂಡು ಫೋನ್ ಮಾಡಿದರೆ, "ನಾನೇ ಕಣಪ್ಪ, ಕೂತಿದ್ದೀನಿ" ಅಂತಾರೆ ಅಮ್ಮ. ಕಸ್ಟಮರ್ ಕೇರ್‌ನವರು ಸೋಫಾ ಮೇಲೆ ಕೂರಲಿ ಅಂದರು! ಬಿಚ್ಚಿ ಡಬ್ಬಿಗೆ ಹಾಕಿದೆ. ಕರೆಂಟ್ ಹೋದರೆ ವೈಫೈ ಹೋಗಿ ಸೆನ್ಸರೂ ಮೂಕ. ರೂಟರನ್ನು ಇನ್ವರ್ಟರ್‌ಗೆ ಸೇರಿಸಿಕೊಳ್ಳಿ.

ಕೋಣೆಯದು ಮಾತ್ರ ಬೇರೆ ಕಥೆ. ಅಲ್ಲಿ ಅಪ್ಪಾಜಿ ಒಬ್ಬರೇ ಮಲಗುವುದರಿಂದ ಯಾರು ಎದ್ದರು ಅನ್ನೋ ಗೊಂದಲವಿಲ್ಲ. ಬೆಳಿಗ್ಗೆ ಕಾಫಿ ಹಿಡಿದುಕೊಂಡು ಅಮ್ಮನಿಗೆ ರಾತ್ರಿಯ ಲೆಕ್ಕ ಓದಿ ಹೇಳುವುದು ಈಗ ನನ್ನ ಕೆಲಸ. ಎಷ್ಟು ಸಲ ಎದ್ದರು, ಬಾತ್‌ರೂಮ್ ಬಾಗಿಲಲ್ಲಿ ಎಷ್ಟು ಹೊತ್ತು ನಿಂತರು, ಎಲ್ಲ ಇರುತ್ತದೆ. ಅಪ್ಪಾಜಿ ಪೇಪರ್ ಹಿಂದಿನಿಂದಲೇ "ಸುಳ್ಳು" ಅಂತಾರೆ.

ಈ ಕಾಯಿಲೆಯಲ್ಲಿ ಬಾಗಿಲು, ತಿರುವು, ಇಕ್ಕಟ್ಟು ಜಾಗ ಬಂದರೆ ಕಾಲು ನೆಲಕ್ಕೆ ಅಂಟಿಬಿಡುತ್ತದೆ. ಮೈ ಮುಂದಕ್ಕೆ ವಾಲುತ್ತದೆ, ಕಾಲು ಬರುವುದಿಲ್ಲ. ಬೀಳುವುದು ಹಾಗೆ. ಆದರೆ ಡಾಕ್ಟರ ಮುಂದೆ ಅಪ್ಪಾಜಿ ಮದುಮಗನ ಹಾಗೆ ನಡೆಯುತ್ತಾರೆ! ನಾವು ಬಾಯಲ್ಲಿ ಹೇಳಿದ್ದು ಲೆಕ್ಕಕ್ಕೇ ಬರುತ್ತಿರಲಿಲ್ಲ. ಗ್ರಾಫ್ ತೋರಿಸಿದ ಮೇಲೆ ಗೊತ್ತಾಯಿತು, ಬೆಳಗಿನ ಜಾವವೇ ಜಾಸ್ತಿ ತೊಂದರೆ. ಆ ಹೊತ್ತಿಗೆ ರಾತ್ರಿ ತಗೊಂಡ ಲೆವೊಡೋಪಾ (ಈ ಕಾಯಿಲೆಯ ಮಾತ್ರೆ) ಕೆಲಸ ಮುಗಿದಿರುತ್ತದೆ. ಡಾಕ್ಟರು ರಾತ್ರಿಗೆ ನಿಧಾನವಾಗಿ ಕರಗುವ ಮಾತ್ರೆ ಬರೆದರು. ಫಿಸಿಯೋಥೆರಪಿಯವರು ಬಾಗಿಲ ಮುಂದೆ ಅಡ್ಡಡ್ಡ ಹಳದಿ ಟೇಪ್ ಅಂಟಿಸಲು ಹೇಳಿದರು. ಪಟ್ಟಿ ಕಂಡರೆ ದಾಟಲು ಕಾಲು ಏಳುತ್ತದೆ. ನಿಲ್ಲುವ ಹೊತ್ತು ಈಗ ಕಮ್ಮಿಯಾಗಿದೆ. ಅದನ್ನೂ ಈ ಸೆನ್ಸರೇ ತೋರಿಸಿತು.

ಬಿದ್ದ ಮೇಲೆ ಕೂಗಲಿ ಅಂತ ತರುವುದಾದರೆ ಬೇಡ. ರಾತ್ರಿಯ ಲೆಕ್ಕ ಬೇಕಿದ್ದರೆ ಕೋಣೆಗೆ ಒಂದೇ ತಗೊಳ್ಳಿ, ಜೋಡಿ ಆಫರ್‌ಗೆ ಬೀಳಬೇಡಿ. ಹಳೆಯ ಲೆಕ್ಕ ನೋಡಲು ವರ್ಷದ ಚಂದಾ ಕೇಳುತ್ತಾರೆ, ಪೆನ್ಷನ್ ಮನೆಗೆ ಅದು ಜಾಸ್ತಿಯೇ. ನಾನು ಭಾನುವಾರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳುತ್ತೇನೆ, ಡಾಕ್ಟರಿಗೆ ಅಷ್ಟು ಸಾಕು. ಮೂರು ಸ್ಟಾರ್.