ಮೂಟೆ ಲೆಕ್ಕದಲ್ಲಿ ಹಳೇ ಪುಸ್ತಕ ತಗೊಳ್ಳೋರು ದಯವಿಟ್ಟು ಓದಿ

ಹಳೇ ಪುಸ್ತಕದ ಅಂಗಡಿ ಇಟ್ಕೊಂಡಿರೋರು, ಇಡ್ಬೇಕು ಅಂತ ಯೋಚ್ನೆ ಮಾಡ್ತಿರೋರು, ಮನೇಲೇ ಕೂತು ಇನ್‌ಸ್ಟಾಗ್ರಾಂ ಪೇಜಲ್ಲಿ ಸೆಕೆಂಡ್ ಹ್ಯಾಂಡ್ ಬುಕ್ಸ್ ಮಾರೋರು, ಎಲ್ರಿಗೂ ಹೇಳ್ತಿದೀನಿ. "ಮೇಷ್ಟ್ರ ಮನೆ ಲೈಬ್ರರಿ ಇದೆ ಸಾರ್, ಪೂರ್ತಿ ಲಾಟು, ಕೆಜಿ ಲೆಕ್ಕ" ಅಂತ ಒಬ್ಬ ವಾಟ್ಸಾಪಲ್ಲಿ ಫೋಟೋ ಕಳಿಸ್ತಾನೆ. ಮೈಸೂರು, ಮಂಡ್ಯ, ಹಾಸನದ ಕಡೆ ಓಡಾಡ್ಕೊಂಡಿದಾನೆ. ನಮ್ಗೆ 46,500 ರೂಪಾಯಿ ನಾಮ ಹಾಕಿ ಹೋಗಿದಾನೆ. ಹೆಸ್ರು ಬರಿಯಲ್ಲ, ಅವ್ನು ಹೇಳಿದ್ದು ಅವ್ನದೇ ಹೆಸ್ರಾ ಅನ್ನೋದೇ ಡೌಟು. ಆದ್ರೆ ಕೆಲ್ಸ ಹೆಂಗೆ ಮಾಡ್ತಾನೆ ಅನ್ನೋದನ್ನ ಪೂರ್ತಿ ಬರೀತೀನಿ.

ಈ ಲೈನಲ್ಲಿ ಇಲ್ದೇ ಇರೋರಿಗೆ ಒಂದು ಮಾತು. ಹೊಸ ಪುಸ್ತಕದ ಅಂಗಡಿಯವ್ರಿಗೆ ಪ್ರಕಾಶಕರು ಇದಾರೆ, ಡಿಸ್ಟ್ರಿಬ್ಯೂಟರ್ ಇದಾರೆ, ಇಂಥ ಪುಸ್ತಕ ಇಷ್ಟು ಕಾಪಿ ಅಂದ್ರೆ ಬಂಡಲ್ ಬಂದು ಬೀಳತ್ತೆ. ನಮ್ಗೆ ಅದ್ಯಾವ್ದೂ ಇಲ್ಲ. ಗುಜರಿ ಅಂಗಡಿಯವ್ರು ತೆಗೆದಿಟ್ಟಿರ್ತಾರೆ, ಹಾಸ್ಟೆಲ್ ಖಾಲಿ ಮಾಡೋ ಹುಡುಗ್ರು ತಂದು ಹಾಕ್ತಾರೆ, ಆಗಾಗ ಬೆಂಗಳೂರಿಗೆ ಹೋದ್ರೆ ಅವೆನ್ಯೂ ರೋಡಲ್ಲಿ ಒಂದಿಷ್ಟು ಸಿಗತ್ತೆ. ಇದೆಲ್ಲ ದಿನಾ ಅಂಗಡಿ ನಡೆಸೋಕೆ ಸಾಕು, ಆದ್ರೆ ಒಳ್ಳೇ ಗಿರಾಕಿ ಮತ್ತೆ ಮತ್ತೆ ಬರೋ ಹಂಗೆ ಮಾಡೋದು ಮನೆ ಲೈಬ್ರರಿಗಳೇ. ಯಾರೋ ಹಿರಿಯರು ತೀರ್ಕೊಂಡಿರ್ತಾರೆ, ಮಕ್ಕಳು ಡಲ್ಲಾಸಲ್ಲೋ ಸಿಡ್ನಿಯಲ್ಲೋ ಇರ್ತಾರೆ, ಮನೆ ಮಾರೋ ಮುಂಚೆ ಪುಸ್ತಕ ಯಾರಿಗಾದ್ರೂ ಕೊಟ್ಬಿಡಿ ಅಂತಾರೆ. ಹಳೇ ಮೈಸೂರು ವಿವಿ ಪ್ರಸಾರಾಂಗದ ಪುಸ್ತಕಗಳು, ಧಾರವಾಡದ ಮನೋಹರ ಗ್ರಂಥಮಾಲೆಯ ಹಳೇ ಮುದ್ರಣ, ಇವೆಲ್ಲ ನಮ್ಗೆ ಸಿಕ್ಕೋದು ಇಂಥ ಮನೆಗಳಲ್ಲೇ. ಅದಕ್ಕೇ ಇವ್ನು ಆ ಕಥೆನೇ ಹಿಡ್ಕೊಂಡಿರೋದು. ಕಥೆ ಸುಳ್ಳು ಅನ್ನಿಸೋಕೆ ಚಾನ್ಸೇ ಇಲ್ಲ, ಯಾಕಂದ್ರೆ ನಿಜವಾದ ಲಾಟ್ ಬರೋದೂ ಹಿಂಗೇ.

ಅವ್ನು ಕಳಿಸಿದ ಫೋಟೋದಲ್ಲಿ ಹಸಿರು ಬಣ್ಣದ ಗಾಡ್ರೇಜ್ ಬೀರು, ಪಕ್ಕದಲ್ಲಿ ಗೋಡೆಗೆ ಒರಗಿಸಿಟ್ಟ ತಂತಿ ಇಲ್ದಿರೋ ತಂಬೂರಿ, ಬೀರು ತುಂಬ ಪುಸ್ತಕ. ಸಾಹಿತ್ಯ ಪರಿಷತ್ತಿನ ಕನ್ನಡ ನಿಘಂಟಿನ 8 ಸಂಪುಟಾನೂ ಸಾಲಾಗಿ ನಿಂತಿತ್ತು. ಪೂರ್ತಿ ಸೆಟ್ ಇದ್ರೆ ಅದಕ್ಕೆ ಯಾವಾಗ್ಲೂ ಗಿರಾಕಿ ಇದಾರೆ, ಬಿಡಿ ಸಂಪುಟ ಆದ್ರೆ ವರ್ಷಗಟ್ಲೆ ಶೆಲ್ಫಲ್ಲಿ ಕೂತಿರತ್ತೆ. ರೇಟು ಕೆಜಿಗೆ 75 ಅಂದ. ಮನೆಗೇ ಬಂದು ನೋಡ್ತೀನಿ ಅಂದ್ರೆ "ಮನೆ ಬೀಗ ಅವ್ರ ಚಿಕ್ಕಪ್ಪನ ಹತ್ರ ಇದೆ ಸಾರ್, ಅಣ್ಣತಮ್ಮಂದಿರಿಗೆ ಆಸ್ತಿ ವಿಷ್ಯಕ್ಕೆ ಮಾತುಕತೆ ಇಲ್ಲ, ನೀವು ಬಂದ್ರೆ ಗಲಾಟೆ ಆಗತ್ತೆ, ನಾನೇ ತುಂಬಿಸಿ ಅಂಗಡಿ ಬಾಗ್ಲಿಗೆ ಇಳಿಸ್ತೀನಿ" ಅಂದ. ಆಸ್ತಿ ಜಗಳ ಇರೋ ಮನೆಗಳನ್ನ ಎಷ್ಟು ನೋಡಿಲ್ಲ ನಾವು. ಹತ್ತು ಸಾವಿರ ಮುಂಗಡ ಕೇಳಿದ, ಈ ಧಂದೆಯಲ್ಲಿ ಮುಂಗಡ ಮಾಮೂಲು, ಕೊಟ್ಟೆ.

ಗಾಡಿ ಬಂದಿದ್ದು ರಾತ್ರಿ ಒಂಬತ್ತೂವರೆ ಮೇಲೆ, ನಾವು ಶಟರ್ ಅರ್ಧ ಇಳಿಸಿದ್ವಿ. ಟಾಟಾ ಏಸ್ ತುಂಬ ಮೂಟೆ, ಮೇಲೆ ಟಾರ್ಪಾಲು. ವೇಬ್ರಿಡ್ಜ್ ಚೀಟಿ ತೋರಿಸಿದ, ಗಾಡಿ ತೂಕ ಕಳೆದ್ರೆ 620 ಕೆಜಿ. ನಮ್ಮ ಹುಡುಗ ಎರಡು ಮೂಟೆ ಬಾಯಿ ಬಿಚ್ಚಿ ನೋಡ್ದ, ಎರಡ್ರಲ್ಲೂ ಮೇಲೆ ಬಂಗಾರದಂಥ ಪುಸ್ತಕ, ಕ್ಯಾಲಿಕೋ ಬಟ್ಟೆ ಬೈಂಡಿಂಗು, ಒಳಗೆ ಮೇಷ್ಟ್ರು ಮಸಿ ಪೆನ್ನಲ್ಲಿ ಹಾಕಿದ ಸಹಿ. ಡ್ರೈವರ್ ಹಾರ್ನ್ ಹೊಡೀತಿದಾನೆ, ಇವ್ನು "ಸಾರ್ ಗಾಡಿ ಬಾಡಿಗೆ ಮೀಟರ್ ಓಡ್ತಿದೆ, ಇನ್ನೂ ನಂಜನಗೂಡಿಗೆ ಲೋಡ್ ಇದೆ" ಅಂತ ಅವಸರ. ಬಾಕಿ ದುಡ್ಡು ಅವ್ನ ನಂಬರಿಗೆ ಹೋಗ್ಲಿಲ್ಲ, ಲಿಮಿಟ್ ಮುಗಿದಿದೆ ಅಂತ ಹೇಳಿ ಇನ್ಯಾರದೋ ಕ್ಯೂಆರ್ ಕೋಡ್ ತೋರಿಸಿದ.

ಬೆಳಿಗ್ಗೆ ಮೂಟೆ ಸುರಿದ್ವಿ. ಟೊಮೇಟೊ ಕ್ರೇಟಲ್ಲಿ ಮೇಲಿನ ಸಾಲು ಮಾತ್ರ ದಪ್ಪ ಹಣ್ಣು ಜೋಡಿಸಿರ್ತಾರಲ್ಲ, ಹಂಗೆ. ಪ್ರತಿ ಮೂಟೆಯಲ್ಲೂ ಮೇಲೆ ಒಂದೈದಾರು ಒಳ್ಳೇ ಪುಸ್ತಕ, ಆಮೇಲೆ ಶುರು. ವಿಟಿಯು (ಎಂಜಿನಿಯರಿಂಗ್ ವಿವಿ) 2018 ಸ್ಕೀಮಿನ, ಅಂದ್ರೆ 2018ರ ಸಿಲಬಸ್ಸಿನ ಗೈಡುಗಳು. ಆಮೇಲೆ 2021 ಬಂತು, 2022 ಸ್ಕೀಮ್ ಬಂತು, ಈಗ ಆ ಗೈಡನ್ನ ಯಾರು ಕೇಳ್ತಾರೆ? ಡಿಗ್ರಿಯ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಟೆಕ್ಸ್ಟ್ ಬುಕ್ಕು ಕಟ್ಟುಗಟ್ಲೆ, 2021ರಲ್ಲಿ ನಮ್ಮ ರಾಜ್ಯದಲ್ಲಿ ಶುರುವಾಗಿ 2024ರಲ್ಲಿ ವಾಪಸ್ ಮೂರು ವರ್ಷದ ಡಿಗ್ರಿಗೆ ಹೋಯ್ತಲ್ಲ, ಆ ಸಿಲಬಸ್ಸಿಂದು. (ಈ ಸಿಲಬಸ್ ಬದಲಾವಣೆಗಳಿಂದ ಹಳೇ ಪುಸ್ತಕದ ಅಂಗಡಿಗಳಿಗೆ ಎಷ್ಟು ಏಟು ಬಿದ್ದಿದೆ ಅಂತ ಇನ್ನೊಂದ್ಸಲ ಬರೀತೀನಿ, ಅದೇ ಒಂದು ದೊಡ್ಡ ಪುರಾಣ.) ಹಳೇ ಐಪಿಸಿ, ಸಿಆರ್‌ಪಿಸಿ ಪುಸ್ತಕಗಳು, 2024 ಜುಲೈ 1ಕ್ಕೆ ಹೊಸ ಕಾನೂನು ಬಂದ್ಮೇಲೆ ಸ್ಟೂಡೆಂಟ್ಸ್ ಮುಟ್ಟಲ್ಲ, ಹಳೇ ಕೇಸ್ ನಡೆಸ್ತಿರೋ ಲಾಯರ್‌ಗಳು ಅಪರೂಪಕ್ಕೆ ಒಂದು ಕೇಳ್ತಾರೆ ಅಷ್ಟೇ. ನಿಘಂಟು? ಎರಡನೇ ಸಂಪುಟ, ಐದನೇ ಸಂಪುಟ, ಅಷ್ಟೇ.

ಆಮೇಲೆ ಒದ್ದೆ. ಮೂಟೆ ನಡುವೆ ಕೈ ಹಾಕಿದ್ರೆ ತಣ್ಣಗೆ ಹತ್ತತ್ತೆ. ಹೊರಗಿಂದ ನುಸಿಗುಳಿಗೆ ವಾಸ್ನೆ ಗಮ್ ಅಂತ ಬರ್ತಿತ್ತು, ಮೇಷ್ಟ್ರ ಮನೆಯವ್ರು ಪುಸ್ತಕ ಜೋಪಾನವಾಗಿ ಇಟ್ಟಿದ್ರು ಅನ್ಕೊಂಡ್ವಿ, ಅದು ಮುಗ್ಗುಲು ವಾಸ್ನೆ ಗೊತ್ತಾಗ್ದೇ ಇರ್ಲಿ ಅಂತ ಹಾಕಿದ್ದು. ಕಾಗದ ನೀರು ಕುಡಿದ್ರೆ ತೂಕ ಬರತ್ತೆ, ನಾವು ಕೊಡ್ತಿರೋದು ಕೆಜಿ ಲೆಕ್ಕ. ಒಂದು ಮೂಟೆ ಬಿಚ್ಚಿ ಫ್ಯಾನ್ ಕೆಳಗೆ ಹರಡಿ ಒಣಗಿಸಿ ಮತ್ತೆ ತೂಗಿದ್ರೆ 42 ಕೆಜಿ ಇದ್ದಿದ್ದು 35ಕ್ಕೆ ಇಳೀತು, ಅಂದ್ರೆ ಏಳು ಕೆಜಿ ನೀರಿಗೆ ನಾನು ಪುಸ್ತಕದ ರೇಟು ಕೊಟ್ಟಿದೀನಿ. ದುಡ್ಡು ಹೋಗ್ಲಿ ಅನ್ನಿ, ಬೂಷ್ಟು ಬಂದ ಪುಸ್ತಕ ಒಂದು ಅಂಗಡಿ ಒಳಗೆ ಇದ್ರೆ ಪಕ್ಕದ ಶೆಲ್ಫಿಗೂ ಹರಡತ್ತೆ, ಮಳೆಗಾಲದಲ್ಲಂತೂ ಕೇಳೋದೇ ಬೇಡ. ತಂದ ಲಾಟನ್ನ ಸೀದಾ ಅಂಗಡಿ ಒಳಗೆ ಇಳಿಸ್ಬೇಡಿ, ಹೊರಗೆ ಪಡಸಾಲೆಯಲ್ಲೋ ಗೋಡೌನಲ್ಲೋ ಒಂದಷ್ಟು ದಿನ ಬೇರೆ ಇಟ್ಟು, ಗೆದ್ದಲು ಮಣ್ಣು ಇದೆಯಾ, ಸಿಲ್ವರ್‌ಫಿಶ್ ಓಡಾಡ್ತಿದೆಯಾ ನೋಡಿ ಆಮೇಲೆ ತನ್ನಿ.

ಇಲ್ಲಿವರೆಗೆ ಆಗಿದ್ದು ನಷ್ಟ. ಇದಕ್ಕಿಂತ ಕೆಟ್ಟದ್ದು ಆಮೇಲೆ ಬಂತು, ನಾನು ಬರೀತಿರೋದೇ ಅದಕ್ಕೆ.

ಸುಮಾರು ನೂರು ಪುಸ್ತಕ ಚೆನ್ನಾಗಿದ್ವು, ಒರೆಸಿ ಬೆಲೆ ಬರೆದು ಶೆಲ್ಫಿಗೆ ಹಾಕಿದ್ವಿ. ನಮ್ಮಲ್ಲಿಗೆ ಬರೋ ಮೇಡಂ ಒಬ್ರಿದಾರೆ, ಕಾಲೇಜ್ ಲೈಬ್ರರಿಯಲ್ಲಿ ಕೆಲ್ಸ ಮಾಡಿ ರಿಟೈರ್ ಆದೋರು, ಶನಿವಾರ ಬಂದು ಸುಮ್ನೆ ಪುಸ್ತಕ ತಿರುವಿ ಹಾಕ್ತಿರ್ತಾರೆ. ಒಂದು ಪುಸ್ತಕ ಕೈಗೆ ತಗೊಂಡು ಹಿಂದೆ ಮುಂದೆ ನೋಡಿ ನನ್ನ ಕರೆದ್ರು. "ಇದು ಎಲ್ಲಿಂದ ಬಂತಪ್ಪ ನಿಂಗೆ?" ಅಂದ್ರು. ಮನೆ ಲಾಟು ಮೇಡಂ ಅಂದೆ. ಪುಸ್ತಕ ಮುಚ್ಚಿ ಅಂಚು ತೋರಿಸಿದ್ರು. ಪುಟಗಳ ಅಂಚು ಎಲ್ಲಾ ಕಡೆ ಹಳದಿ ತಿರುಗಿದೆ, ನಡುವೆ ಒಂದು ಕಡೆ ಮಾತ್ರ ಬೆಳ್ಳಗಿದೆ, ಬೆರಳಾಡಿಸಿದ್ರೆ ಸ್ವಲ್ಪ ತಗ್ಗು. ಉಪ್ಪುಕಾಗದ ಹಾಕಿ ತಿಕ್ಕಿದಾರೆ. ಬೆಳಕಿಗೆ ಓರೆ ಹಿಡಿದ್ರೆ ಮೊಟ್ಟೆ ಆಕಾರದ ಸೀಲಿನ ನೀಲಿ ಗೆರೆ ಇನ್ನೂ ಮಸುಕಾಗಿ ಕಾಣತ್ತೆ. ಶೀರ್ಷಿಕೆ ಪುಟ ಇರ್ಲಿಲ್ಲ, ಹರಿದಿರೋ ಹಾಳೆ ಬುಡ ಬ್ಲೇಡಲ್ಲಿ ಕುಯ್ದ ಹಾಗೆ ನೀಟಾಗಿತ್ತು. ಹಿಂದಿನ ರಟ್ಟಲ್ಲಿ ಕಾರ್ಡ್ ಇಡೋ ಜೇಬು ಕಿತ್ತ ಗೋಂದಿನ ಕಲೆ. ಬೆನ್ನಿನ ಕೆಳಗೆ ನಂಬರ್ ಚೀಟಿ ಕೆರೆದ ಗುರುತು.

"ಇಷ್ಟೆಲ್ಲ ಮಾಡಿರೋನಿಗೆ ಇದೊಂದು ಗೊತ್ತಿಲ್ಲ ನೋಡು" ಅಂತ ಪುಟ ತಿರುವಿದ್ರು. ಎಷ್ಟೋ ಲೈಬ್ರರಿಗಳಲ್ಲಿ ಸೀಕ್ರೆಟ್ ಪೇಜ್ ಅಂತ ಒಂದು ಇಟ್ಕೊಂಡಿರ್ತಾರಂತೆ, ಯಾವ್ದೋ ಒಂದು ಪುಟ, ಆ ಲೈಬ್ರರಿಯ ಎಲ್ಲಾ ಪುಸ್ತಕದಲ್ಲೂ ಅದೇ ಪುಟದಲ್ಲಿ ಸೀಲೂ ಅಕ್ಸೆಷನ್ ನಂಬರೂ (ಲೈಬ್ರರಿ ರಿಜಿಸ್ಟರಲ್ಲಿ ಆ ಪುಸ್ತಕಕ್ಕೆ ಕೊಟ್ಟಿರೋ ನಂಬರು) ಹಾಕಿರ್ತಾರೆ. 51ನೇ ಪುಟದಲ್ಲಿ ಇತ್ತು, ಕಾಲೇಜಿನ ಹೆಸ್ರು ಸಮೇತ. ಅಲ್ಲೇ ನೆಲದ ಮೇಲೆ ಕೂತು ಆ ಲಾಟಿನ ಪುಸ್ತಕ ಒಂದೊಂದೇ ನೋಡಿದ್ರೆ, ಒಂದೇ ಕಾಲೇಜಲ್ಲ, ಬೇರೆ ಬೇರೆ ಲೈಬ್ರರಿದೂ ಸಿಕ್ತು. ಒಂದೆರಡ್ರಲ್ಲಿ ಕೋಲ್ಕತ್ತಾದ ರಾಜಾ ರಾಮಮೋಹನ್ ರಾಯ್ ಲೈಬ್ರರಿ ಫೌಂಡೇಶನ್ ಸೀಲು ಇತ್ತು, ಅದು ಸಾರ್ವಜನಿಕ ಗ್ರಂಥಾಲಯಗಳಿಗೆ ನೆರವಾಗಿ ಬರೋ ಪುಸ್ತಕ. ಮೇಷ್ಟ್ರ ಸಹಿ ಅಂತ ನಾವು ಖುಷಿ ಪಟ್ವಲ್ಲ, ಮೂರ್ನಾಲ್ಕು ಪುಸ್ತಕದಲ್ಲಿ ಒಂದೇ ಕೈಬರಹ, ಒಂದೇ ಮಸಿ, ಆದ್ರೆ ತಾರೀಖು ಮಾತ್ರ ಪುಸ್ತಕ ಅಚ್ಚಾಗೋಕೆ ಮುಂಚಿಂದು! ಅದೂ ಇವ್ನೇ ಗೀಚಿದ್ದು.

ನಮ್ಮ ಗಿರಾಕಿ ಲಾಯರ್ ಒಬ್ರನ್ನ ಕೇಳಿದೆ. ಕದ್ದ ಮಾಲು ಇಟ್ಕೊಳ್ಳೋದಕ್ಕೆ ಮುಂಚೆ ಐಪಿಸಿ 411 ಇತ್ತು, ಈಗ ಭಾರತೀಯ ನ್ಯಾಯ ಸಂಹಿತೆ 317, ಮೂರು ವರ್ಷದವರೆಗೂ ಜೈಲು, ಇಲ್ಲ ದಂಡ, ಇಲ್ಲ ಎರಡೂ ಅಂದ್ರು. ಗೊತ್ತಿಲ್ದೇ ತಗೊಂಡಿದ್ದು ಬೇರೆ, ಕದ್ದಿದ್ದು ಅಂತ ಗೊತ್ತಾದ್ಮೇಲೂ ಇಟ್ಕೊಂಡು ಮಾರಿದ್ರೆ ಬೇರೆ, ಇವತ್ತೇ ಶೆಲ್ಫಿಂದ ಇಳಿಸು ಅಂದ್ರು. ಇಳಿಸಿ, ನಂಬರ್ ಸಮೇತ ಪಟ್ಟಿ ಮಾಡಿ, ಸೀಲ್ ಇರೋ ಪುಟದ ಫೋಟೋ ತೆಗೆದು, ಸಿಕ್ಕ ಲೈಬ್ರರಿಗಳಿಗೆ ಪತ್ರದ ಜೊತೆ ವಾಪಸ್ ಕೊಟ್ವಿ, ಸ್ವೀಕೃತಿಗೆ ಸೀಲು ಸಹಿ ಹಾಕಿಸ್ಕೊಂಡ್ವಿ. ಒಂದು ಕಡೆ ಚೆನ್ನಾಗಿ ಮಾತಾಡಿಸಿ ಕಾಫಿ ಕೊಟ್ರು. ಇನ್ನೊಂದು ಕಡೆ, ನಾನೇ ಕದ್ದು ಈಗ ತಂದು ಕೊಡ್ತಿದೀನೇನೋ ಅನ್ನೋ ಥರ ಪ್ರಶ್ನೆ ಮೇಲೆ ಪ್ರಶ್ನೆ. ಪುಸ್ತಕ ಕಾಣೆಯಾಗಿದ್ದು ಅವ್ರಿಗೆ ಗೊತ್ತೇ ಇರ್ಲಿಲ್ಲ ಅನ್ನೋದು ಬೇರೆ ವಿಷ್ಯ. ಕೇಂದ್ರ ಸರ್ಕಾರದ ನಿಯಮದಲ್ಲೇ ವರ್ಷಕ್ಕೆ ಓದೋಕೆ ಕೊಟ್ಟ ಸಾವಿರ ಪುಸ್ತಕಕ್ಕೆ ಐದು ಕಳೆದ್ರೆ ಮಾಮೂಲಿ ನಷ್ಟ ಅಂತ ತಗೋಬಹುದು ಅಂತಿದೆ, ಸಾವಿರ ರೂಪಾಯಿ ಮೇಲಿನದು, ಅಪರೂಪದ ಪುಸ್ತಕ ಆದ್ರೆ ಮಾತ್ರ ತನಿಖೆ ಆಗ್ಲೇಬೇಕು. ಮೇಡಂ ಹೇಳಿದ್ದು ಇದು. ಈ ಕಳ್ಳರು ದುಬಾರಿ ಪುಸ್ತಕ ಮುಟ್ಟದೇ ಇನ್ನೂರು ಮುನ್ನೂರರದ್ದೇ ಎತ್ತೋದು ಯಾಕೆ ಅಂತ ಆಗ ಅರ್ಥ ಆಯ್ತು.

ಹಂಗಂತ ಲೈಬ್ರರಿ ಸೀಲ್ ಇರೋದೆಲ್ಲ ಕದ್ದಿದ್ದಲ್ಲ. ಲೈಬ್ರರಿಗಳು ಹಳೇದನ್ನ ತೆಗೆದು ಹರಾಜು ಹಾಕ್ತಾವೆ, ಅವುಗಳ ಮೇಲೆ "ರದ್ದು" ಅಂತ ಸೀಲ್ ಇರ್ಬೇಕು, ಮಾರೋನ ಹತ್ರ ಹರಾಜಿನ ಕಾಗದ ಇರ್ಬೇಕು. ಎರಡೂ ಇಲ್ಲ ಅಂದ್ರೆ ಮುಟ್ಬೇಡಿ. ಸೀಲ್ ರಾಜಾರೋಷವಾಗಿ ಇದ್ರೆ ಅಷ್ಟು ಭಯ ಇಲ್ಲ, ಅಳಿಸೋಕೆ ಟ್ರೈ ಮಾಡಿದ್ರೆ ಅಲ್ಲಿಗೆ ಮುಗೀತು.

ಮೂಟೆಯಲ್ಲಿ ಪೈರಸಿ ಕಾಪಿನೂ ಇದ್ವು. ಸಿಗ್ನಲಲ್ಲಿ ಮಾರ್ತಾರಲ್ಲ ಆ ಇಂಗ್ಲಿಷ್ ಬೆಸ್ಟ್ ಸೆಲ್ಲರ್‌ಗಳು, ಜೆರಾಕ್ಸ್ ಥರ ಮಸುಕು ಅಕ್ಷರ, ಸಾಲು ಓರೆ, ಬೆನ್ನು ಬಗ್ಗಿಸಿದ್ರೆ ಗೋಂದು ಪಟ್ ಅಂತ ಬಿಡತ್ತೆ. ಎನ್‌ಸಿಇಆರ್‌ಟಿ ಪುಸ್ತಕ ಆದ್ರೆ ಹಾಳೆನ ಬೆಳಕಿಗೆ ಹಿಡೀರಿ, ಅಸಲಿಯಲ್ಲಿ ವಾಟರ್‌ಮಾರ್ಕ್ ಕಾಣತ್ತೆ. ಸೆಕೆಂಡ್ ಹ್ಯಾಂಡ್ ತಾನೇ, ಏನಾಗತ್ತೆ ಅನ್ಬೇಡಿ. ಕಾಪಿರೈಟ್ ಆಕ್ಟ್ 1957ರ 63ನೇ ಸೆಕ್ಷನ್ ಪ್ರಕಾರ ಕಡಿಮೆ ಅಂದ್ರೆ ಆರು ತಿಂಗಳು ಜೈಲು, ಐವತ್ತು ಸಾವಿರ ದಂಡ. ಅವನ್ನೆಲ್ಲ ಹರಿದು ರದ್ದಿಗೆ ಹಾಕಿದ್ವಿ.

ದುಡ್ಡಿನ ವಿಷ್ಯ ಕೇಳ್ತೀರಾ? ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಕಂಪ್ಲೇಂಟ್ ಬರೆಸಿದೀನಿ, ಆದ್ರೆ ಮಾಲು ಬಂದಿದೆ, ನೀವೇ ದುಡ್ಡು ಹಾಕಿದೀರಾ, ಇದು ವ್ಯವಹಾರದ ತಕರಾರು ಅಂತಾನೇ ಸ್ಟೇಷನ್ನಲ್ಲೂ ಹೇಳಿದ್ರು. ಕ್ಯೂಆರ್ ಕೋಡ್ ಯಾವ್ದೋ ಮೊಬೈಲ್ ರಿಪೇರಿ ಅಂಗಡಿದು, ಆ ಹುಡುಗನಿಗೆ "ಕ್ಯಾಶ್ ಕೊಡು, ನಿಂಗೆ ಆನ್‌ಲೈನ್ ಹಾಕಿಸ್ತೀನಿ" ಅಂತ ಹೇಳಿ ದುಡ್ಡು ಇಸ್ಕೊಂಡು ಹೋಗಿದಾನೆ, ಪಾಪ ಅವ್ನಿಗೂ ಪೊಲೀಸ್ ಫೋನು.

ಈಗ ನಾವು ಮಾಡ್ತಿರೋದು ಇಷ್ಟು. ಪುಸ್ತಕ ಇರೋ ಜಾಗಕ್ಕೇ ಹೋಗಿ, ಹಗಲು ಹೊತ್ತಲ್ಲಿ, ಕಪಾಟಿಂದ ನಾವೇ ಇಳಿಸಿ ತುಂಬಿಸ್ತೀವಿ. ಮೂಟೆ ಕಟ್ಟಿಟ್ಟಿದ್ರೆ ಅಲ್ಲೇ ನೆಲಕ್ಕೆ ಸುರಿಸ್ತೀವಿ, ಸುರಿಯೋಕೆ ಒಪ್ಪಲ್ಲ ಅಂದ್ರೆ ನಮಸ್ಕಾರ ಹೇಳಿ ಬರ್ತೀವಿ. ಮಾರೋರ ಹೆಸ್ರು, ವಿಳಾಸ, ಮೊದಲ ಎಂಟು ಅಂಕಿ ಮುಚ್ಚಿರೋ ಮಾಸ್ಕ್ಡ್ ಆಧಾರ್ ಆದ್ರೂ ಪರ್ವಾಗಿಲ್ಲ, ಒಂದು ಕಾಪಿ, "ಇವು ನನ್ನ ಸ್ವಂತ ಪುಸ್ತಕ" ಅಂತ ಎರಡು ಸಾಲು ಬರೆದು ಸಹಿ. ದುಡ್ಡು ಅದೇ ಹೆಸರಿನ ಖಾತೆಗೆ ಮಾತ್ರ. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ ಅಂತ ಎಷ್ಟೋ ಜನ ಖರೀದಿ ಚೀಟಿನೇ ಇಟ್ಕೊಳ್ಳಲ್ಲ, ಟ್ಯಾಕ್ಸ್‌ಗೆ ಬೇಡದೇ ಇರ್ಬಹುದು, ನಾಳೆ ಪೊಲೀಸ್ ಬಂದು ಎಲ್ಲಿಂದ ಬಂತು ಅಂದ್ರೆ ತೋರ್ಸೋಕೆ ಬೇಕು. ನಿಜವಾದ ಮನೆಯವ್ರು ಇದಕ್ಕೆ ಬೇಜಾರು ಮಾಡ್ಕೊಳ್ಳಲ್ಲ, ಅಪ್ಪನ ಪುಸ್ತಕ ಸರಿಯಾದ ಕಡೆ ಹೋಗ್ತಿದೆ ಅಂತ ಅವ್ರಿಗೇ ಸಮಾಧಾನ.

ಇನ್ನೊಂದು, ಹೋದ ವಾರ ತುಮಕೂರಿನ ಅಂಗಡಿಯವ್ರು ಒಬ್ರು ಫೋನ್ ಮಾಡಿದ್ರು, ಅದೇ ಹಸಿರು ಬೀರು, ಅದೇ ತಂಬೂರಿ ಫೋಟೋ ಅವ್ರಿಗೂ ಬಂದಿದೆ, ಈ ಸಲ ಮೇಷ್ಟ್ರಲ್ಲ, ತೀರ್ಕೊಂಡಿರೋದು ಜಡ್ಜ್ ಸಾಹೇಬ್ರಂತೆ, ರೇಟು 60ಕ್ಕೆ ಇಳಿಸಿದಾನೆ. ನಿಮ್ಗೂ ಬಂದ್ರೆ ದಯವಿಟ್ಟು ಬ್ಲಾಕ್ ಮಾಡ್ಬೇಡಿ, ಮುಂಗಡ ಕೊಡೋಕೆ ರೆಡಿ ಅಂತ ಹೇಳಿ, ಹಗಲಲ್ಲಿ ಬಂದು ತಗೊಂಡ್ಹೋಗು ಅಂತ ಕರೀರಿ, ನಂಬರ್ ನಂಗೆ ಕಳ್ಸಿ, ಲೈಬ್ರರಿಗಳ ಪಟ್ಟಿ, ಸ್ವೀಕೃತಿ, ವೇಬ್ರಿಡ್ಜ್ ಚೀಟಿ ಎಲ್ಲ ಇಟ್ಕೊಂಡಿದೀನಿ, ಸ್ಟೇಷನ್ನಿಗೆ ನಾನೇ ತಂದು ಕೊಡ್ತೀನಿ.