ಸಕಲೇಶಪುರದ ಹತ್ರ ಕಾಫಿ ತೋಟದ ಹೋಂಸ್ಟೇ: ಹೂ ಬಿಡೋ ಟೈಮಲ್ಲೇ ಹೋಗಿ

ಸಕಲೇಶಪುರ ಅಂದ್ರೆ ಎಲ್ರೂ ಮಳೆಗಾಲದಲ್ಲಿ ಓಡ್ತಾರೆ, ನಾನು ಹೇಳೋದು ಈ ಹೋಂಸ್ಟೇಗೆ ಮಾರ್ಚಲ್ಲಿ ಹೋಗಿ, ಕಾಫಿ ಹೂ ಬಿಡೋ ಟೈಮಲ್ಲಿ. ಕಲಬುರಗಿಯಿಂದ ನನ್ನ ಕಾಲೇಜ್ ಫ್ರೆಂಡ್ ಬಂದಿದ್ದ, ಅವ್ರ ಕಡೆ ಆಗ್ಲೇ ಬಿಸಿಲು ಸುಡ್ತಾ ಇತ್ತಂತೆ, ಎಲ್ಲಾದ್ರೂ ಹಸಿರಿರೋ ಕಡೆ ಕರ್ಕೊಂಡು ಹೋಗು ಅಂದ. ರೂಮ್ ಸಾಧಾರಣವಾಗಿದೆ, ಹಳೇ ಹೆಂಚಿನ ಮನೆ, ಬಿಸಿನೀರು ಹಂಡೆದು, ಬೇಕಂದಾಗ ಕೇಳ್ಬೇಕು, ಮೇನ್ ರೋಡಿಂದ ಒಳಗೆ ಬರೋ ಮಣ್ಣು ರಸ್ತೇಲಿ ಚಿಕ್ಕ ಕಾರಿನ ತಳ ತಾಗುತ್ತೆ. ಆದ್ರೂ ಐದಕ್ಕೆ ಐದು ಕೊಡ್ತೀನಿ.

ಕಾರಣ ಹೇಳ್ತೀನಿ. ಬುಕ್ ಮಾಡೋಕೆ ಫೋನ್ ಮಾಡಿದಾಗ ಓನರ್ ಅಣ್ಣ, "ಈ ವಾರ ಬಂದ್ರೆ ಬರೀ ಮೊಗ್ಗು ನೋಡ್ಕೊಂಡು ಹೋಗ್ತೀರ ಸರ್, ಮಳೆ ಈಗಷ್ಟೇ ಬಿದ್ದಿದೆ, ಮುಂದಿನ ವಾರ ಬನ್ನಿ" ಅಂದ್ರು. ಆ ವಾರ ರೂಮ್ ಖಾಲಿನೇ ಇತ್ತು, ಸುಮ್ನೆ ದುಡ್ಡು ಹಾಕಿಸ್ಕೋಬಹುದಿತ್ತು, ಯಾರೂ ಕೇಳ್ತಿರ್ಲಿಲ್ಲ. ವಿಷಯ ಏನಂದ್ರೆ ಕಾಫಿ ಗಿಡ ಬೇಸಿಗೆ ಶುರುವಲ್ಲಿ ಮೊಗ್ಗು ಹಿಡ್ಕೊಂಡು ಹಾಗೇ ನಿಂತಿರುತ್ತೆ, ಒಂದು ಇಂಚಿನಷ್ಟು ಹೂಮಳೆ, ಅಂದ್ರೆ ಹೂ ಅರಳಿಸೋ ಬೇಸಿಗೆ ಮಳೆ, ಬೀಳ್ಬೇಕು, ಇಲ್ಲಾ ಸ್ಪ್ರಿಂಕ್ಲರ್ ಹೊಡೀಬೇಕು, ಆಗ ಎಂಟು ಹತ್ತು ದಿನಕ್ಕೆ ಇಡೀ ತೋಟ ಒಟ್ಟಿಗೇ ಅರಳುತ್ತೆ, ಮೂರ್ನಾಲ್ಕು ದಿನ ಇದ್ದು ಕಂದು ಬಣ್ಣಕ್ಕೆ ತಿರುಗುತ್ತೆ, ಅಷ್ಟೇ ಅದರ ಆಯಸ್ಸು. ಆ ದಿನಗಳು ತಪ್ಪಿದ್ರೆ ಮತ್ತೆ ಮುಂದಿನ ವರ್ಷ.

ನಾವು ಸಾಯಂಕಾಲ ಗೇಟ್ ಹತ್ರ ಇಳೀತಿದ್ದಂಗೆ ವಾಸನೆ ಬಂತು, ನನ್ನ ಫ್ರೆಂಡ್ "ಲೇ, ಇಷ್ಟ್ ಮಲ್ಲಿಗಿ ಹೂ ಯಾರ್ ತಂದಿಟ್ಟಾರಲೇ ಇಲ್ಲಿ" ಅಂತ ಸುತ್ತ ನೋಡ್ತಾನೆ! ಹೂ ಚೆನ್ನಾಗಿ ಕಂಡಿದ್ದು ಬೆಳಗ್ಗೆ. ರೋಬಸ್ಟಾ ಜಾತಿ ಕಾಫಿ ಗಿಡದ ಒಂದೊಂದು ರೆಂಬೆನೂ ಗೆಣ್ಣು ಗೆಣ್ಣಿಗೆ ಬಿಳಿ ಗೊಂಚಲು, ಯಾರೋ ಕೂತು ದಂಡೆ ಕಟ್ಟಿದ ಹಾಗೆ, ಎಲೆ ಬುಡದಲ್ಲಿ ಇನ್ನೂ ನೀರಿನ ಹನಿ, ಬಗ್ಗಿ ನೋಡಿದ್ರೆ ಪ್ರತಿ ಹೂವಲ್ಲೂ ಸಣ್ಣ ಸಣ್ಣ ಕೇಸರ ಹೊರಗೆ ಚಾಚಿರುತ್ತೆ, ಜೇನು ಅದರ ಮೇಲೆ ಉರುಳಾಡಿ ಮೈಯೆಲ್ಲಾ ಪುಡಿ ಮಾಡ್ಕೊಂಡು ಪಕ್ಕದ್ದಕ್ಕೆ ಹೋಗುತ್ತೆ. ತೋಟ ಪೂರ್ತಿ ಆ ಗುಂಯ್ ಶಬ್ದ. ಕಾಫಿಯ ಇನ್ನೊಂದು ಜಾತಿ ಅರೇಬಿಕಾ ತನ್ನ ಪರಾಗದಲ್ಲೇ ಕಾಯಿ ಕಟ್ಟುತ್ತಂತೆ, ರೋಬಸ್ಟಾಗೆ ಬೇರೆ ಗಿಡದ ಪರಾಗ ಬೇಕೇ ಬೇಕು, ಅದಕ್ಕೆ ಅಣ್ಣ ಈ ಟೈಮಲ್ಲಿ ಔಷಧಿ ಹೊಡಿಯೋಕೆ ಬಿಡಲ್ಲ, ನಮಗೂ ಫೋಟೋ ಹುಚ್ಚಲ್ಲಿ ಸಾಲಿನ ಮಧ್ಯ ನುಗ್ಬೇಡಿ, ಹೂ ಉದುರುತ್ತೆ ಅಂತ ಮೊದ್ಲೇ ಹೇಳಿದ್ರು. ನನಗಂತೂ ಇದು ತುಂಬಾ ಇಷ್ಟ ಆಯ್ತು, ಗೆಸ್ಟ್ ಖುಷಿಗೆ ಅಂತ ಬೆಳೆ ಹಾಳು ಮಾಡ್ಕೊಳ್ಳೋ ಜನ ಅಲ್ಲ ಇವ್ರು.

ಊಟದ ಬಗ್ಗೆ ಎಷ್ಟು ಬರೆದ್ರೂ ಸಾಲಲ್ಲ. ಬೆಳಗ್ಗೆ ಅಕ್ಕಿ ರೊಟ್ಟಿ, ಕಾಯಿ ಚಟ್ನಿ, ಮೇಲೆ ಬೆಣ್ಣೆ. ಜೋಳದ ರೊಟ್ಟಿ ಬಿಟ್ಟು ಬೇರೆ ರೊಟ್ಟಿನ ರೊಟ್ಟಿ ಅಂತಾನೇ ಒಪ್ಪದ ನನ್ನ ಫ್ರೆಂಡು ತಟ್ಟೆ ಮುಂದೆ ಹಿಡಿದು "ಅಕ್ಕಾರ, ಇನ್ನೊಂದ್ ಹಾಕ್ರಿ" ಅಂತ ಕೇಳಿ ಕೇಳಿ ತಿಂದ. ಮಧ್ಯಾಹ್ನ ಎಳೆ ಹಲಸಿನಕಾಯಿ ಪಲ್ಯ, ಇದು ಈ ಸೀಸನಲ್ಲಿ ಮಾತ್ರ ಸಿಗೋದು, ಮಿಸ್ ಮಾಡ್ಬೇಡಿ, ಜೊತೆಗೆ ಮಾವಿನಮಿಡಿ ಉಪ್ಪಿನಕಾಯಿ. ರಾತ್ರಿ ಕಡುಬು ಕೋಳಿ ಸಾರು. ಕಾಫಿ ಅವ್ರದ್ದೇ ತೋಟದ್ದು, ಚಿಕೋರಿ ಇಲ್ಲ, ಬೆಲ್ಲ ಹಾಕಿ ಕೊಡ್ತಾರೆ. ತಲೆಗೆ ದಿನಕ್ಕೆ 2,500, ಎಲ್ಲಾ ಸೇರಿ, ಈ ಊಟಕ್ಕೆ ಜಾಸ್ತಿ ಏನಲ್ಲ.

ಕತ್ತಲಾದ ಮೇಲೆ ತೋಟದೊಳಗೆ ಓಡಾಡೋಕೆ ಬಿಡಲ್ಲ. ಈ ಕಡೆ ಆನೆ ಕಾಟ ನಿಜವಾಗ್ಲೂ ಇದೆ, ದಯವಿಟ್ಟು ವಾದ ಮಾಡ್ಬೇಡಿ. ಹಗಲೆಲ್ಲಾ ಕುಟ್ರು ಹಕ್ಕಿ ಕೂಗ್ತಾನೇ ಇರುತ್ತೆ, ಮಾರ್ಚಲ್ಲಿ ಜಿಗಣೆ ಕಾಟನೂ ಇಲ್ಲ, ಮಕ್ಕಳು ವಯಸ್ಸಾದವ್ರು ಆರಾಮಾಗಿ ನಡೀಬಹುದು. ವಾಪಸ್ ಬರೋವಾಗ ಟೈಮ್ ಇದ್ರೆ ಮಂಜರಾಬಾದ್ ಕೋಟೆ ನೋಡಿ, ಟಿಪ್ಪು ಕಟ್ಟಿಸಿದ್ದು, ಎಂಟು ಮೂಲೆ ನಕ್ಷತ್ರದ ಆಕಾರ, ಆದ್ರೆ ಬೆಳಗ್ಗೆನೇ ಹತ್ತಿ, ಮಧ್ಯಾಹ್ನ ಮೇಲೆ ನೆರಳಿಲ್ಲ.

ಹೊರಗಡೆಯಿಂದ ಫ್ರೆಂಡ್ಸೋ ನೆಂಟರೋ ಬರೋರಿದ್ರೆ ಅವ್ರ ಟಿಕೆಟ್ ಡೇಟ್ ನೋಡಿ ಬುಕ್ ಮಾಡ್ಬೇಡಿ. ಜನವರಿ ಕೊನೇಲೇ ಅಣ್ಣಂಗೆ ಫೋನ್ ಮಾಡಿ ಹೆಸರು ಹೇಳಿಡಿ, ಮಳೆ ಬಿದ್ದ ದಿನ ಅವ್ರೇ ವಾಟ್ಸಾಪ್ ಮಾಡ್ತಾರೆ, ರಜಾ ಆಮೇಲೆ ಹಾಕಿ.